ಜರ್ಮನಿಗೆ ಹೆಂಡತಿ-ಮಗು ಜೊತೆ ಹೋಗ್ತಿದ್ದೀನಿ. ಹೆಲ್ತ್ ಇನ್ಶೂರೆನ್ಸ್ ಪಬ್ಲಿಕ್ ತಗೊಳ್ಳೋದಾ, ಪ್ರೈವೇಟಾ?

ಪಬ್ಲಿಕ್ ತಗೊಳ್ಳಿ, ಎರಡನೇ ಮಾತೇ ಬೇಡ. ವರ್ಷಕ್ಕೆ 80,000 ಯೂರೋ ಸಂಬಳ, ಹೆಂಡತಿಗೆ ಸದ್ಯಕ್ಕೆ ಕೆಲಸ ಇಲ್ಲ, ಮಗಳಿಗೆ ಮೂರು ವರ್ಷ ಅಂದಿದ್ದೀರಿ. 2025ರ ಲೆಕ್ಕದಲ್ಲಿ 73,800 ಯೂರೋ ದಾಟಿದ ನೌಕರರು ಪ್ರೈವೇಟ್‌ಗೆ ಹೋಗಬಹುದಿತ್ತು, ಹಾಗಾಗಿ ಏಜೆಂಟ್‌ಗಳು ನಿಮ್ಮ ಬೆನ್ನು ಬಿಡಲ್ಲ. ಆದ್ರೆ ಅವರು ತೋರಿಸೋ ಕಡಿಮೆ ಕಂತು ನಿಮ್ಮೊಬ್ಬರದ್ದು. ಹೆಂಡತಿಗೆ ಬೇರೆ ಕಂತು, ಮಗಳಿಗೆ ಬೇರೆ ಕಂತು. 55 ದಾಟಿದ ಮೇಲಂತೂ ಪಬ್ಲಿಕ್‌ಗೆ ವಾಪಸ್ ಬರೋದು ಬಹಳ ಕಷ್ಟ. ಒಂಟಿಯಾಗಿರೋ ಹುಡುಗರ ವಿಷಯ ಬೇರೆ ಬಿಡಿ.

ಪಬ್ಲಿಕ್‌ನಲ್ಲಿ ಸಂಬಳದ 14.6%, ಮೇಲೆ ಹೆಚ್ಚುವರಿ (2025ರಲ್ಲಿ ಸರಾಸರಿ 2.5%), ಅದರಲ್ಲಿ ಅರ್ಧ ಕಂಪನಿಯದ್ದು. ಒಂದು ಮಿತಿ ದಾಟಿದ ಮೇಲೆ ಕಂತು ಏರಲ್ಲ, 2025ರಲ್ಲಿ ಆ ಮಿತಿ ತಿಂಗಳಿಗೆ 5,512 ಯೂರೋ ಸಂಬಳ ಇತ್ತು. ಅಂದ್ರೆ 2025ರ ಲೆಕ್ಕದಲ್ಲಿ ತಿಂಗಳಿಗೆ ನಿಮ್ಮ ಕೈಯಿಂದ ಸುಮಾರು 470 ಯೂರೋ, ಜೊತೆಗೆ ಕಡ್ಡಾಯದ ಆರೈಕೆ ವಿಮೆಗೆ (ವಯಸ್ಸಾಗಿಯೋ ಕಾಯಿಲೆಯಿಂದಲೋ ದೀರ್ಘಕಾಲ ಆರೈಕೆ ಬೇಕಾದಾಗಿನ ಖರ್ಚಿಗೆ) ನೂರರ ಹತ್ತಿರ. ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತೆ, ಆದ್ರೆ ಅಷ್ಟರಲ್ಲೇ ಹೆಂಡತಿ, ಮಗಳು ಇಬ್ಬರೂ ಪುಕ್ಕಟೆ ಸೇರ್ತಾರೆ. ಆಸ್ಪತ್ರೆಗೆ ಸೇರಿದ್ರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನದವರೆಗೆ ಮಾತ್ರ. ಮಕ್ಕಳಿಗೆ ಅದೂ ಇಲ್ಲ.

ಇಲ್ಲಿ ನಿಜವಾಗಿ ಸತಾಯಿಸೋದು ದುಡ್ಡಲ್ಲ, ಅಪಾಯಿಂಟ್‌ಮೆಂಟು. ಸ್ಪೆಷಲಿಸ್ಟ್‌ಗಳ ಹತ್ತಿರ ಪ್ರೈವೇಟ್‌ನವರಿಗೆ ಬೇಗ ಸಿಗುತ್ತೆ, ಅದು ಸುಳ್ಳಲ್ಲ. ನಮ್ಮ ಮಗನಿಗೆ ಮಕ್ಕಳ ಡಾಕ್ಟರ್ ಹುಡುಕುವಾಗ ಫೋನ್ ಮಾಡಿದ ಕಡೆಯೆಲ್ಲ "ಹೊಸಬರನ್ನ ತಗೊಳ್ತಿಲ್ಲ" ಅನ್ನೋದೇ ಉತ್ತರ. ಫೋನ್ ಬಿಟ್ಟು, ಮಗುವನ್ನ ಎತ್ತಿಕೊಂಡು ನೇರವಾಗಿ ಕೌಂಟರ್ ಮುಂದೆ ನಿಂತಾಗ ಕೆಲಸ ಆಯ್ತು. ಮನೆ ಸಿಕ್ಕ ವಾರವೇ ಇದನ್ನ ಶುರು ಮಾಡಿ, ಜ್ವರ ಬರೋವರೆಗೂ ಕಾಯಬೇಡಿ. ರಾತ್ರಿ ಅಥವಾ ಭಾನುವಾರ ಹುಷಾರು ತಪ್ಪಿದ್ರೆ 116117, ಜೀವಕ್ಕೆ ಅಪಾಯ ಅಂದ್ರೆ 112.

ಮಗಳ ಲಸಿಕೆ ವಿವರ ಇರೋ ತಾಯಿ ಕಾರ್ಡನ್ನ ಸೂಟ್‌ಕೇಸ್‌ನಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇಟ್ಕೊಳ್ಳಿ. 2020ರಿಂದ ದಡಾರದ ಲಸಿಕೆಯ ದಾಖಲೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸ್ಕೊಳ್ಳಲ್ಲ, ಅವಳ ವಯಸ್ಸಿಗೆ ಎರಡು ಡೋಸ್ ಬೇಕು. ಊರಲ್ಲಿ ಹಾಕಿಸಿದ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ತಾರೀಕುಗಳು ಅಳಿಸಿಹೋಗಿದ್ರೆ ಹೊರಡೋ ಮುಂಚೆ ಆಸ್ಪತ್ರೆಯಿಂದ ಇಂಗ್ಲಿಷಲ್ಲಿ ಬರೆಸಿಕೊಳ್ಳಿ.

ಅಪ್ಪ-ಅಮ್ಮ ನಿಮ್ಮ ಇನ್ಶೂರೆನ್ಸ್‌ಗೆ ಸೇರಲ್ಲ. ಅವರು ನೋಡೋಕೆ ಬಂದಾಗ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಅದನ್ನ ನಂಬಿ ಬಿಪಿ, ಶುಗರ್ ಮಾತ್ರೆ ಇಲ್ಲೇ ತಗೊಳ್ಳೋಣ ಅಂದ್ಕೋಬೇಡಿ, ಇರೋಷ್ಟು ದಿನಕ್ಕೆ ಆಗುವಷ್ಟು ಚೀಟಿ ಸಮೇತ ಊರಿಂದಲೇ ತರೋಕೆ ಹೇಳಿ.