ಇ-ಸೈಕಲ್ ಸೈಡ್ ಬ್ಯಾಗ್ ಕಡ್ಡಿಗೆ ತಾಗುತ್ತಿದ್ದರೆ

ಇ-ಸೈಕಲ್‌ನ ಸೈಡ್ ಬ್ಯಾಗ್ ಹಿಂದಿನ ಚಕ್ರದ ಕಡ್ಡಿಗೆ ಉಜ್ಜುತ್ತಿದೆ, ದುಬಾರಿ ಬ್ಯಾಗ್ ಕೊಳ್ಳಬೇಕೇ ಅಂತ ನೀವು ಬರೆದು ಕೇಳಿದ್ದೀರಿ. ಬ್ಯಾಗಿನ ಒಳಬದಿ ಮೆತ್ತಗಿರುವುದೇ ಕಾರಣ ಇರಬೇಕು. ಕಡಿಮೆ ಬೆಲೆಯ ಸೈಡ್ ಬ್ಯಾಗ್‌ಗಳಲ್ಲಿ ಸಾಮಾನ್ಯವಾಗಿ ಗಟ್ಟಿ ಹಲಗೆ ಇರುವುದಿಲ್ಲ, ಹಾಗಾಗಿ ಚಾರ್ಜರ್, ಬೀಗ, ಪಂಪು ಎಲ್ಲಾ ತುಂಬಿದ ಕೂಡಲೇ ಕೆಳಗಿನ ಮೂಲೆ ಒಳಕ್ಕೆ ಬಾಗಿ, ನೀವು ಹೇಳಿದ ಹಾಗೆ ಹಿಂದಿನ ಚಕ್ರದ ಕಡ್ಡಿಗೆ ಉಜ್ಜುತ್ತದೆ. ಇದಕ್ಕೆ ನೀವು ಕೇಳಿದ ದುಬಾರಿ ಬ್ಯಾಗ್ ಖಂಡಿತ ಬೇಡ.

ಮೊದಲು ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಪ್ಯಾಕ್ ಶೀಟಿನ (ಒಳಗೆ ಗೆರೆಗೆರೆಯಾಗಿ ಟೊಳ್ಳಿರುವ ಹಗುರ ಪ್ಲಾಸ್ಟಿಕ್ ಹಲಗೆ) ತುಂಡು ಕೇಳಿ. ಬ್ಯಾಗಿನ ಅಳತೆಗೆ ಎರಡು ಕತ್ತರಿಸಿ, ಒಳಗಿನ ಗೆರೆಗಳು ಒಂದಕ್ಕೊಂದು ಅಡ್ಡ ಬರುವ ಹಾಗೆ ಜೋಡಿಸಿ ಟೇಪ್ ಸುತ್ತಿ. ಒಂದೇ ಪದರ ಇಟ್ಟರೆ ಗೆರೆಯ ಉದ್ದಕ್ಕೇ ಮಡಚಿಕೊಳ್ಳುತ್ತದೆ. ಅದನ್ನು ಚಕ್ರದ ಕಡೆಯ ಗೋಡೆಗೆ ಒಳಗಿನಿಂದ ನಿಲ್ಲಿಸಿ.

ಆಮೇಲೆ ಬ್ಯಾಗಿನ ಕೆಳಭಾಗವನ್ನು ಕ್ಯಾರಿಯರ್‌ನ ಕಾಲಿಗೆ ಪಟ್ಟಿಯಿಂದ ಬಿಗಿಯಿರಿ. ಪಟ್ಟಿ ಇಲ್ಲದಿದ್ದರೆ ಬ್ಯಾಗ್ ರಿಪೇರಿಯವರ ಹತ್ತಿರ ಹೊಲಿಸಿ, ಜಾಸ್ತಿ ಖರ್ಚಾಗುವುದಿಲ್ಲ. ನಿಮ್ಮ ಕ್ಯಾರಿಯರ್ ಯಾವ ಥರದ್ದು ಅಂತ ಬರೆದಿಲ್ಲ. ಕಾಲೇ ಇಲ್ಲದೆ ಸೀಟಿನ ಪೈಪಿಗೆ ಮಾತ್ರ ಕಚ್ಚಿಕೊಂಡಿರುವಂಥದ್ದಾದರೆ ಈ ಉಪಾಯ ನಡೆಯುವುದು ಅನುಮಾನ, ಆಗ ಮೇಲೆ ಕಟ್ಟುವ ಸಣ್ಣ ಬ್ಯಾಗೇ ಒಳ್ಳೆಯದು.

ಹಿಂದಿನ ಚಕ್ರದ ನಡುವೆಯೇ ಕೂರುವ ಹಬ್ ಮೋಟಾರ್ ಇದ್ದರೆ ಆಕ್ಸಲ್ ಪಕ್ಕದಿಂದ ಹೊರಬರುವ ವೈರಿಗೆ ಪಟ್ಟಿ ತಾಗಲೇಬಾರದು. ಉಜ್ಜಿ ಉಜ್ಜಿ ಅದರ ಸಿಪ್ಪೆ ಕಿತ್ತರೆ ಶಾರ್ಟ್ ಆಗಿ ಮೋಟಾರೇ ನಿಲ್ಲಬಹುದು. ಕ್ಯಾರಿಯರ್ ಎಷ್ಟು ಕೆಜಿ ಹೊರುತ್ತದೆ ಅಂತ ಸಾಮಾನ್ಯವಾಗಿ ಅದರ ಮೇಲೇ ಒತ್ತಿರುತ್ತದೆ, ಅದನ್ನು ಮೀರಬೇಡಿ. ಭಾರದ ಸಾಮಾನು ತಳಕ್ಕೆ ಹಾಕಿ. ಚಾರ್ಜರನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ, ಈ ಬ್ಯಾಗ್‌ಗಳ ಹೊಲಿಗೆಯಲ್ಲಿ ಮಳೆನೀರು ಇಳಿಯುತ್ತದೆ.

ಹೊರಡುವ ಮುಂಚೆ ಮೋಟಾರ್ ಆಫ್ ಮಾಡಿ, ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸುತ್ತಾ ಬ್ಯಾಗನ್ನು ಹೊರಗಿನಿಂದ ಒತ್ತಿ ನೋಡಿ. ಸದ್ದು ಬಂದರೆ ಪಟ್ಟಿ ಇನ್ನೊಂದು ಸುತ್ತು ಬಿಗಿ ಮಾಡಿ.