ಈ ಶನಿವಾರ-ಭಾನುವಾರ ಗೆಳೆಯನ ಜೊತೆ ಕಡಲ ಬಂಡೆ ಮೇಲೆ ಗಾಳ ಹಾಕಲು ಹೊರಟಿದ್ದೇವೆ. ಮಳೆ ಬಂದು ಹೋಗಿ ಮಾಡುತ್ತಿದೆ. ಶನಿವಾರ ಜಾಗ ನೋಡಿಕೊಂಡುಬಿಟ್ಟರೆ ಭಾನುವಾರಕ್ಕೆ ಲೆಕ್ಕ ಸಿಗುತ್ತೆ, ಹೇಗೂ ಗೆಳೆಯನಿಗೆ ಅನುಭವ ಇದೆ. ಏನೇನು ಒಯ್ಯಬೇಕು? ಯಾವ ರೇನ್‌ಕೋಟ್, ಯಾವ ಎರೆ?

ನಿಮ್ಮ ಪ್ರಶ್ನೆಯ ಒಂದು ಸಾಲು ಓದಿ ಎದೆ ಧಸಕ್ಕೆಂದಿತು: ‘ಶನಿವಾರ ಜಾಗ ನೋಡಿಕೊಂಡುಬಿಟ್ಟರೆ ಭಾನುವಾರಕ್ಕೆ ಲೆಕ್ಕ ಸಿಗುತ್ತೆ, ಹೇಗೂ ಗೆಳೆಯನಿಗೆ ಅನುಭವ ಇದೆ.’ 8 ವರ್ಷದ ಹಿಂದೆ ನಾನೂ ಇದನ್ನೇ ಹೇಳಿದ್ದೆ. ಯಾವ ರೇನ್‌ಕೋಟ್, ಯಾವ ಎರೆ ಅಂತ ಕೇಳಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಇದನ್ನು ಓದಿ.

ನಾನೂ ನನ್ನ ಗೆಳೆಯನೂ ಗಾಳ ಹಾಕುತ್ತಿದ್ದದ್ದು ದಡದಿಂದ ಒಂದು ಐವತ್ತು ಹೆಜ್ಜೆ ಆಚೆಗಿದ್ದ ಚಪ್ಪಟೆ ಬಂಡೆಯ ಮೇಲೆ. ದಡಕ್ಕೂ ಬಂಡೆಗೂ ನಡುವೆ ಒಂದು ಕೊರಕಲು. ಇಳಿತದ ಹೊತ್ತಿನಲ್ಲಿ ಅದರಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಮಾತಾಡುತ್ತಾ ದಾಟಬಹುದು. ಶನಿವಾರ ಹಾಗೇ ದಾಟಿದೆವು. ಬೆಳಿಗ್ಗೆ 7 ಗಂಟೆಗೆ ಪೂರ್ತಿ ಇಳಿತ. ಮೋಡ ಇತ್ತು, ಗಾಳಿ ಇರಲಿಲ್ಲ. ಎರಡು ಸಲ ಜಿಟಿಜಿಟಿ ಮಳೆ ಬಂದು ನಿಂತಿತು. ಮೀನು ಅಷ್ಟಕ್ಕಷ್ಟೆ. 10 ಗಂಟೆಗೆ ವಾಪಸ್ ಬಂದು ದಡದಲ್ಲಿ ಕೂತು ಚೀಲ ಕಟ್ಟುತ್ತಿರುವಾಗ ಕೊರಕಲಿಗೆ ನೀರು ತುಂಬುವುದನ್ನು ನೋಡಿದೆ. 10:10ಕ್ಕೆ ಮೊಣಕಾಲುದ್ದ ಆಯಿತು. ಆ ಸಮಯವನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಉಬ್ಬರ ದಿನಕ್ಕೆ 50 ನಿಮಿಷ ತಡವಾಗುತ್ತದೆ, ಹಾಗಾದರೆ ನಾಳೆ 11 ಗಂಟೆಗೆ ಇಷ್ಟು ನೀರು. 10:45ಕ್ಕೆ ಎದ್ದರೆ ಕಾಲು ಗಂಟೆ ಕೈಯಲ್ಲಿರುತ್ತದೆ. ಗೆಳೆಯನಿಗೆ ಹೇಳಿದೆ. ಅವನು, “ಲೆಕ್ಕ ನಿಂದು, ಮೀನು ನಂದು” ಅಂದ.

ಭಾನುವಾರ ಬೆಳಿಗ್ಗೆ ಎದ್ದಾಗ ಗಾಳಿ ತಿರುಗಿತ್ತು. ಹಿಂದಿನ ದಿನ ಇಲ್ಲದ ಗಾಳಿ ಈಗ ಕಡಲಿನಿಂದ ದಡಕ್ಕೆ ಬೀಸುತ್ತಿತ್ತು. ಜೋರೇನಲ್ಲ, ಟೋಪಿ ಹಾರಿಸುವಷ್ಟೂ ಇರಲಿಲ್ಲ. ಮಳೆಯ ಸುಳಿವೇ ಇಲ್ಲ, ನಡುನಡುವೆ ಬಿಸಿಲು. ನಾವಿಬ್ಬರೂ ಆಕಾಶ ನೋಡಿ ಖುಷಿಪಟ್ಟೆವು. ಫೋನಿನಲ್ಲಿ ಹವಾಮಾನ ತೆಗೆದು ನೋಡಿದ್ದೂ ಮಳೆ ಎಷ್ಟು ಗಂಟೆಗೆ ಅಂತ ಮಾತ್ರ. ‘ಮಧ್ಯಾಹ್ನದ ನಂತರ’ ಅಂತ ಇತ್ತು. ಅಷ್ಟು ಸಾಕಾಯಿತು.

9:30ರ ಹೊತ್ತಿಗೆ ಕಡಲು ಕದಡಿತು. ಅಲೆ ಬಂಡೆಗೆ ಹೊಡೆದು ನೊರೆ ಎಬ್ಬಿಸತೊಡಗಿತು. ಬಂಡೆಗೆ ಕಚ್ಚಿಕೊಂಡಿದ್ದ ಹುಳಹುಪ್ಪಟೆ ಸಡಿಲವಾಗಿ ನೀರಿಗೆ ಬಿದ್ದವು ಅಂತ ಕಾಣುತ್ತದೆ, ಮೀನುಗಳು ನೊರೆಯ ಅಂಚಿಗೇ ಬಂದವು. ಗಾಳ ಬಿಟ್ಟ ಎರಡು ನಿಮಿಷಕ್ಕೆ ಎಳೆತ. ಇಂಥ ಹೊತ್ತಿನಲ್ಲಿ ಮೀನು ಚೆನ್ನಾಗಿ ಕಚ್ಚುವುದು ನಿಜ, ನಿಮ್ಮ ಗೆಳೆಯರೂ ಅದನ್ನೇ ಹೇಳಿರುತ್ತಾರೆ. ಆದರೆ ಮೀನನ್ನು ಹತ್ತಿರ ತರುವ ಅಲೆಯೇ ನಿಮ್ಮ ಬೆನ್ನ ಹಿಂದಿನ ದಾರಿಯನ್ನೂ ಮುಚ್ಚುತ್ತಿರುತ್ತದೆ. ಎದುರಿಗೆ ರಾಡಿನ ತುದಿ ಬಾಗುತ್ತಿರುವಾಗ ಯಾರು ಹಿಂದೆ ತಿರುಗಿ ನೋಡುತ್ತಾರೆ?

ನನ್ನ ಗೆಳೆಯ ನೋಡಿದ. 10 ಗಂಟೆಗೆ ಸ್ವಲ್ಪ ಮುಂಚೆ, ಎರೆ ಸಿಕ್ಕಿಸಲು ಬಗ್ಗಿದಾಗ, ಹಿಂದೆ ತಿರುಗಿ, “ನೀರು ಬೇಗ ಬರ್ತಿದೆ ಅಲ್ವೇನೋ?” ಅಂದ. ನಾನು ಮಣಿಕಟ್ಟು ಎತ್ತಿ ವಾಚು ತೋರಿಸಿದೆ. “ಇನ್ನೂ ಒಂದು ಗಂಟೆ ಇದೆ ಕಣೋ.” ಅವನು ಏನೂ ಮಾತಾಡದೆ ಮತ್ತೆ ಕಡಲಿಗೆ ಮುಖ ಮಾಡಿದ. ಕಣ್ಣಲ್ಲಿ ಕಂಡದ್ದನ್ನು ಬಿಟ್ಟು ನನ್ನ ವಾಚನ್ನು ನಂಬಿದ. ನನ್ನನ್ನು ಇವತ್ತಿಗೂ ಕೊರೆಯುವುದು ಇದೇ.

10:40ಕ್ಕೆ ನಾನು ಹಿಂದೆ ತಿರುಗಿದಾಗ ಕೊರಕಲೇ ಕಾಣಲಿಲ್ಲ. ಅಲ್ಲಿ ಕಡಲಿತ್ತು. ಎರಡು ಅಲೆಗಳ ನಡುವೆ ತೊಡೆಯ ತನಕ, ಅಲೆ ಬಂದಾಗ ಸೊಂಟದ ಮೇಲೆ. ದಾಟಲೇಬೇಕಿತ್ತು, ಯಾಕೆಂದರೆ ಬಂಡೆಯ ತುದಿಗೂ ನೀರು ಚಿಮ್ಮುತ್ತಿತ್ತು. ನಾನು ಎರಡೂ ರಾಡು ಎತ್ತಿ ಹಿಡಿದು ಮುಂದೆ ನಡೆದೆ, ಅವನು ಚೀಲ ಹೊತ್ತು ಹಿಂದೆ. ನಡುವೆ ಒಂದು ಪಾಚಿಗಲ್ಲು, ಬೆಳಿಗ್ಗೆ ಅದರ ಮೇಲೆ ಕಾಲಿಟ್ಟೇ ದಾಟಿದ್ದೆವು, ಈಗ ಅದು ಕಣ್ಣಿಗೆ ಕಾಣದು. ಅವನ ಕಾಲು ಅದರ ಮೇಲೆ ಜಾರಿತು. ಬೀಳುವಾಗ ಬಲಗೈ ಊರಿದ, ಅದೇ ಹೊತ್ತಿಗೆ ಅಲೆ ಬಂದು ಇಡೀ ಮೈಯನ್ನು ಆ ಕೈಯ ಮೇಲೆ ನೂಕಿತು. ನಾನು ರಾಡುಗಳನ್ನು ಬಿಟ್ಟು ಅವನ ಅಂಗಿಯ ಕಾಲರು ಹಿಡಿದೆ. ಬೆರಳಿಗೆ ಸಿಕ್ಕಿದ್ದು ಅಷ್ಟೇ. ಇನ್ನೊಂದು ಅಲೆ ನಮ್ಮಿಬ್ಬರನ್ನೂ ದಡದ ಕಡೆಗೇ ತಳ್ಳಿತು. ಆಚೆಗೆ ಎಳೆದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಮುರಿದದ್ದು ಮಣಿಕಟ್ಟಿನ ಹೆಬ್ಬೆರಳ ಬದಿಯ ಸಣ್ಣ ಮೂಳೆ. ಗೋಡಂಬಿಯಷ್ಟೇ ಇರುವ ಮೂಳೆ, ಅದಕ್ಕೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಕೂಡಿಕೊಳ್ಳುವುದು ನಿಧಾನ. 12 ವಾರ ಪಟ್ಟಿ ಕಟ್ಟಿಕೊಂಡು ಓಡಾಡಿದ. ಈಗಲೂ ಅರ್ಧ ಗಂಟೆ ರೀಲು ಸುತ್ತಿದರೆ ಕೈ ಕೆಳಗಿಡುತ್ತಾನೆ.

ಈಗ ನನ್ನ ಲೆಕ್ಕ. ಇದನ್ನು ಬಿಡಿಸಿ ಹೇಳದಿದ್ದರೆ ನೀವೂ ಇದನ್ನೇ ಮಾಡುತ್ತೀರಿ, ಏಕೆಂದರೆ ಕೇಳಲು ಅದು ಬಹಳ ಬುದ್ಧಿವಂತಿಕೆಯ ಲೆಕ್ಕ.

ಚಂದ್ರ ನೆತ್ತಿಗೆ ಬರುವುದು ದಿನಕ್ಕೆ ಸರಾಸರಿ 50 ನಿಮಿಷ ತಡ, ಅದರ ಹಿಂದೆಯೇ ಉಬ್ಬರವೂ ತಡ. ಇಷ್ಟು ಸರಿ. ಆದರೆ ಅದು ಸರಾಸರಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಾದಾಗ ತಡವಾಗುವುದು ಅದಕ್ಕಿಂತ ಕಡಿಮೆ, ಅಷ್ಟಮಿಯ ಆಸುಪಾಸಿನಲ್ಲಿ ಹೆಚ್ಚು. ಅವತ್ತು ಹುಣ್ಣಿಮೆಗೆ ಎರಡೇ ದಿನ ಬಾಕಿ. 50 ಅಂದುಕೊಂಡದ್ದು ನಿಜವಾಗಿ 40 ಇತ್ತು. ಹತ್ತು ನಿಮಿಷ ಅಲ್ಲೇ ಹೋಯಿತು. ಹುಣ್ಣಿಮೆ ಹತ್ತಿರವಾದಂತೆ ಉಬ್ಬರದ ಎತ್ತರವೂ ದಿನದಿನಕ್ಕೆ ಏರುತ್ತದೆ. ನಿನ್ನೆಯ ನೀರು ಇವತ್ತಿನ ನೀರಿಗೆ ಅಳತೆಗೋಲಾಗದು.

ಇನ್ನು ಹವಾಮಾನ. ಉಬ್ಬರದ ಪಟ್ಟಿಯಲ್ಲಿ ಅಚ್ಚಾಗಿರುವುದು ಸೂರ್ಯ ಚಂದ್ರರ ಲೆಕ್ಕ, ಅವತ್ತಿನ ಗಾಳಿಯ ಲೆಕ್ಕ ಅದರಲ್ಲಿ ಇರುವುದಿಲ್ಲ. ವಾತಾವರಣದ ಒತ್ತಡ 1 ಮಿಲಿಬಾರ್ ಇಳಿದರೆ ಕಡಲಿನ ಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತದೆ. ಹಿಂದಿನ ರಾತ್ರಿ 8 ಮಿಲಿಬಾರ್ ಇಳಿದಿತ್ತು, ಆಮೇಲೆ ನೋಡಿದೆ. ಅದರ ಮೇಲೆ ದಡದತ್ತ ಬೀಸುವ ಗಾಳಿ ನೀರನ್ನು ದಡಕ್ಕೆ ಒತ್ತರಿಸುತ್ತದೆ, ಒಡೆಯುವ ಅಲೆಗಳು ಇನ್ನಷ್ಟು ಪೇರಿಸುತ್ತವೆ. ಎಲ್ಲ ಸೇರಿ ಒಂದು ಗೇಣು ನೀರು ಹೆಚ್ಚಾಗಿತ್ತು ಅಂತಿಟ್ಟುಕೊಳ್ಳಿ.

ಒಂದು ಗೇಣು ಏನು ಮಹಾ ಅನಿಸುತ್ತದೆ. ಇಲ್ಲೇ ಇರುವುದು ವಿಷಯ. ದಿನಕ್ಕೆ ಎರಡು ಉಬ್ಬರ ಬರುವ ಕಡಲಿನಲ್ಲಿ ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ. ಆ ಆರು ಗಂಟೆಯೂ ನೀರು ಒಂದೇ ಸಮ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಗೆ 1 ಪಾಲು, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯ ಗಂಟೆಗಳಿಗೆ ತಲಾ 3, ಆಮೇಲೆ 2, ಕೊನೆಗೆ 1. ನಡುವಿನ ಎರಡು ಗಂಟೆಯಲ್ಲಿ ಅರ್ಧ ಕಡಲು ಏರಿಬಿಡುತ್ತದೆ. ನಮ್ಮ ಕಡೆ ಆ ದಿನ ಒಟ್ಟು ಏರಿಕೆ 1.8 ಮೀಟರ್. ಮೂರನೆಯ ಗಂಟೆಗೆ 45 ಸೆಂಟಿಮೀಟರ್. ಅಂದರೆ ಒಂದು ಗೇಣು ನೀರು ಅರ್ಧ ಗಂಟೆಗೆ ಸಮ. ನಾನು 11 ಅಂದುಕೊಂಡದ್ದು 10:50 ಆಯಿತು, ಅದರಲ್ಲಿ ಅರ್ಧ ಗಂಟೆ ಕಳೆದರೆ 10:20. ನಾವು ಏಳುವ ಹೊತ್ತು ಅಂತ ನಾನು ಗೊತ್ತು ಮಾಡಿದ್ದು 10:45.

ಕೊರಕಲು ಆ ನಡುವಿನ ಎರಡು ಗಂಟೆಯಲ್ಲೇ ಮುಚ್ಚುವಂಥದ್ದು ಅನ್ನುವುದು ಶನಿವಾರವೇ ನನ್ನ ಕಣ್ಣೆದುರಿಗಿತ್ತು. ಪಾದದಿಂದ ಮೊಣಕಾಲಿಗೆ ನೀರು ಏರಲು ಎಷ್ಟು ನಿಮಿಷ ಹಿಡಿಯಿತು ಅಂತ ಗಮನಿಸಿದ್ದರೆ ಸಾಕಿತ್ತು. ನಾನು ಗಮನಿಸಿದ್ದು ಮೊಣಕಾಲಿಗೆ ಬಂದ ಗಂಟೆ ಒಂದನ್ನೇ.

ಹಾಗಾಗಿ ನಿಮ್ಮ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಶನಿವಾರ ನೋಡಿದ ಸಮಯವನ್ನು ಭಾನುವಾರಕ್ಕೆ ಕೊಂಡೊಯ್ಯಬೇಡಿ. ಸಮಯವನ್ನೇ ಒಯ್ಯಬೇಡಿ. ಹೋಗುವಾಗಲೇ ಕೊರಕಲಿನ ಹತ್ತಿರ, ಬಂಡೆ ಮೇಲಿಂದ ಕಾಣುವಂಥ ಒಂದು ಕಲ್ಲು ಹುಡುಕಿ. ಅದು ನೆನೆಯುವ ಹೊತ್ತಿಗೆ ದಾರಿಯಲ್ಲಿ ನೀರು ಪಾದ ದಾಟಿರಬಾರದು. ಆ ಕಲ್ಲಿಗೆ ನೀರು ಮುಟ್ಟಿತೋ, ಎದ್ದುಬಿಡಿ. ಗಾಳದಲ್ಲಿ ಮೀನಿದ್ದರೆ ದಾರ ಕತ್ತರಿಸಿ ಎದ್ದುಬಿಡಿ. ಇದನ್ನು ದಡದಲ್ಲಿದ್ದಾಗಲೇ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಬೇಕು.

‘ಗೆಳೆಯನಿಗೆ ಅನುಭವ ಇದೆ’ ಅನ್ನುವ ಮಾತೂ ನನಗೆ ಧೈರ್ಯ ಕೊಡುವುದಿಲ್ಲ. ನಮ್ಮಿಬ್ಬರಲ್ಲಿ ಅನುಭವ ಹೆಚ್ಚಿದ್ದದ್ದು ಅವನಿಗೇ. ಅವನು ನನ್ನ ಲೆಕ್ಕದ ಮೇಲೆ ಬಿಟ್ಟ, ನಾನು ಏನಾದರಾದರೆ ಅವನು ಹೇಳುತ್ತಾನೆ ಅಂದುಕೊಂಡೆ. ಇಬ್ಬರು ಹೋದರೆ ಒಬ್ಬ ಗಾಳ ಹಾಕಲಿ, ಇನ್ನೊಬ್ಬ ದಾರಿ ನೋಡಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಯಿಸಿಕೊಳ್ಳಿ. ಮೀನು ಕಡಿಮೆಯಾಗುತ್ತದೆ, ಆಗಲಿ.

ಅಲೆ ಬಗ್ಗೆ ಒಂದು ಮಾತು. ಮುನ್ಸೂಚನೆಯಲ್ಲಿ ‘1 ಮೀಟರ್ ಅಲೆ’ ಅಂತ ಇದ್ದರೆ ಅದು ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ ಎತ್ತರ. ಸಾವಿರ ಅಲೆಯಲ್ಲಿ ಒಂದು ಅದರ ದುಪ್ಪಟ್ಟಿನ ಹತ್ತಿರ ಬರುತ್ತದೆ. 10 ಸೆಕೆಂಡಿಗೊಂದು ಅಲೆಯಾದರೆ ಸಾವಿರ ಅಲೆಗೆ ಮೂರು ಗಂಟೆಯೂ ಬೇಡ. ನೀವು ನಿಲ್ಲುವ ಬಂಡೆಯನ್ನು ಹತ್ತು ನಿಮಿಷ ನೋಡಿ ‘ಇಲ್ಲಿಗೆ ನೀರು ಬರಲ್ಲ’ ಅಂತ ತೀರ್ಮಾನಿಸಬೇಡಿ. ಬಂಡೆ ಒದ್ದೆಯಾಗಿದ್ದರೆ, ಕಪ್ಪಗೆ ಪಾಚಿಗಟ್ಟಿದ್ದರೆ, ಅಲ್ಲಿಗೆ ನೀರು ಬಂದೇ ಬರುತ್ತದೆ.

ಮಳೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಗುಡುಗು ಮಾತ್ರ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ, ಬಯಲು ದಡದಲ್ಲಿ ಅದನ್ನು ಎತ್ತಿ ಹಿಡಿದವನೇ ಎಲ್ಲರಿಗಿಂತ ಎತ್ತರ. ಗುಡುಗು ಕೇಳಿಸಿದರೆ ರಾಡು ಕೆಳಗಿಟ್ಟು ಕಾರಿನೊಳಗೋ ಕಟ್ಟಡದೊಳಗೋ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ವಾಪಸ್ ಬೇಡ. ಮರದಡಿ ನಿಲ್ಲಲೇಬೇಡಿ.

ನೀವು ಕೇಳಿದ ರೇನ್‌ಕೋಟ್: ಸೊಂಟದ ತನಕ ಬರುವ ಹಗುರ ಜಾಕೆಟ್ ಸಾಕು. ಮೊಣಕಾಲ ಕೆಳಗೆ ಇಳಿಯುವ ಕೋಟು ನೀರಿನಲ್ಲಿ ಕಾಲಿಗೆ ತೊಡರುತ್ತದೆ. ರಬ್ಬರಿನ ಗಂಬೂಟು ಬೇಡ, ನೀರು ತುಂಬಿದರೆ ಎತ್ತಿ ಹೆಜ್ಜೆ ಇಡಲಾಗದು. ಮುಳ್ಳಿನ ಅಡಿಯ, ಕಾಲಿಗೆ ಬಿಗಿಯಾಗಿ ಕಟ್ಟುವ ಶೂ ಹಾಕಿ. ದುಡ್ಡು ಒಂದೇ ವಸ್ತುವಿಗೆ ಇದ್ದರೆ ಜಾಕೆಟ್ ಬಿಟ್ಟು ಲೈಫ್ ಜಾಕೆಟ್ ತಗೊಳ್ಳಿ. ಒಂದು ಹಗ್ಗ, ಮುಚ್ಚಳ ಬಿಗಿಯಾಗಿ ಹಾಕಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಜೊತೆಗಿರಲಿ. ಯಾರಾದರೂ ನೀರಿಗೆ ಬಿದ್ದರೆ ಅದನ್ನು ಎಸೆಯಿರಿ, ಹಿಂದೆಯೇ ಹಾರಬೇಡಿ.

ಎರೆಯ ಬಗ್ಗೆ ಹೇಳಲು ನನ್ನ ಹತ್ತಿರ ಬೇಕಾದಷ್ಟಿದೆ. ಅದಕ್ಕೆ ಮುಂಚೆ ಒಂದು ವಿಷಯ ತಿಳಿಸಿ. ನೀವು ನಿಲ್ಲುವ ಬಂಡೆಗೂ ದಡಕ್ಕೂ ನಡುವೆ ತಗ್ಗು ಇದೆಯೋ, ಬೆನ್ನ ಹಿಂದೆ ಒಣ ನೆಲವೇ ಇದೆಯೋ? ತಗ್ಗು ಇದ್ದರೆ ಈ ವಾರ ಆ ಬಂಡೆಗೆ ಹೋಗಬೇಡಿ, ಮರಳ ದಡದಲ್ಲೇ ನಿಂತು ಹಾಕಿ. ನಾನೂ ಅವನೂ ಈಗ ಹೋಗುವುದು ಅಲ್ಲಿಗೇ. ಅವನು ಎಡಗೈಯಲ್ಲಿ ಸುತ್ತುವ ರೀಲು ಇಟ್ಟುಕೊಂಡಿದ್ದಾನೆ. “ನೀರು ಬರ್ತಿದೆ” ಅಂತ ಅವನು ಅಂದ ಕೂಡಲೇ ನಾನು ದಾರ ಸುತ್ತಲು ಶುರುಮಾಡುತ್ತೇನೆ.