ಆರೋಪಿಗಳ ಪರ ವಾದಿಸಿದ ವಕೀಲರು ದೊಡ್ಡ ನ್ಯಾಯಾಧೀಶರಾಗಬಹುದಾ?

ಖಂಡಿತ ಆಗಬಹುದು. ಅಮೆರಿಕದ ಕೆಟಾಂಜಿ ಬ್ರೌನ್ ಜಾಕ್ಸನ್ ಅವರನ್ನೇ ನೋಡಿ.

ಅವರು ಹುಟ್ಟಿದ್ದು 1970ರಲ್ಲಿ, ವಾಷಿಂಗ್ಟನ್‌ನಲ್ಲಿ. ಬೆಳೆದದ್ದು ಮಯಾಮಿಯಲ್ಲಿ. ಪುಟ್ಟ ಹುಡುಗಿಯಾಗಿದ್ದಾಗ ಅಪ್ಪ ಕಾನೂನು ಓದುತ್ತಿದ್ದರು. ಅವರ ಪಕ್ಕದಲ್ಲೇ ಕೂತು ಈಕೆ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರಂತೆ. ಮುಂದೆ ಹಾರ್ವರ್ಡ್‌ನಲ್ಲಿ ಕಾನೂನು ಪದವಿ.

2005ರಿಂದ 2007ರವರೆಗೆ ಅವರು ಫೆಡರಲ್ ಪಬ್ಲಿಕ್ ಡಿಫೆಂಡರ್. ಅಂದರೆ, ವಕೀಲರಿಗೆ ಫೀಸು ಕೊಡಲಾಗದ ಆರೋಪಿಗಳಿಗಾಗಿ ಸರ್ಕಾರವೇ ಸಂಬಳ ಕೊಟ್ಟು ಇಟ್ಟುಕೊಂಡ ವಕೀಲರು. ಎರಡೇ ವರ್ಷ, ಆದರೆ ನನಗೆ ಅದೇ ಮುಖ್ಯ ಅನಿಸುತ್ತದೆ. ಕೋರ್ಟಿನಲ್ಲಿ ತಮಗೆ ಏನಾಗುತ್ತಿದೆ ಅನ್ನೋದೇ ಎಷ್ಟೋ ಆರೋಪಿಗಳಿಗೆ ಗೊತ್ತಿರಲ್ಲ ಅಂತ ಅವರು ಆಗ ಕಂಡುಕೊಂಡರು. 2013ರಲ್ಲಿ ಜಿಲ್ಲಾ ನ್ಯಾಯಾಧೀಶೆಯಾದ ಮೇಲೆ ಅದನ್ನು ಮರೆಯಲಿಲ್ಲ. ಕೋರ್ಟಿನ ಪ್ರತಿ ಹಂತವನ್ನೂ, ಶಿಕ್ಷೆಯ ಕಾರಣವನ್ನೂ ಆರೋಪಿಗೇ ಬಿಡಿಸಿ ಹೇಳುತ್ತಿದ್ದರು. ಎಷ್ಟು ಸರಳ, ಎಷ್ಟು ಮಾನವೀಯ ಅಲ್ವಾ?

2021ರಲ್ಲಿ ಮೇಲ್ಮನವಿ ಕೋರ್ಟು. 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಬಂದಾಗ, ಗ್ವಾಂಟನಾಮೊ (ಭಯೋತ್ಪಾದನೆಯ ಶಂಕಿತರನ್ನು ಅಮೆರಿಕ ಇಟ್ಟಿದ್ದ ಸೇನಾ ಜೈಲು) ಬಂದಿಗಳ ಪರ ಕೆಲಸ ಮಾಡಿದ್ದನ್ನು ಸೆನೆಟ್‌ನ, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆಯ, ಕೆಲವು ಸದಸ್ಯರು ಕೆದಕಿದರು. ಪಬ್ಲಿಕ್ ಡಿಫೆಂಡರ್‌ಗಳು ತಮ್ಮ ಕಕ್ಷಿದಾರರನ್ನು ತಾವೇ ಆರಿಸಿಕೊಳ್ಳುವುದಿಲ್ಲ ಎಂದು ಜಾಕ್ಸನ್ ಉತ್ತರಿಸಿದರು. ಸರಿಯಾದ ಮಾತು. ವಕೀಲರು ಬೇಕಾಗಿರುವುದು ಒಳ್ಳೆಯವರಿಗೆ ಮಾತ್ರವಲ್ಲ.

ಸೆನೆಟ್ 53–47 ಮತಗಳಿಂದ ಒಪ್ಪಿತು. ಜೂನ್ 30ರಂದು ಪ್ರಮಾಣವಚನ. ಆ ಪೀಠದ ಮೊದಲ ಕಪ್ಪು ಮಹಿಳೆ ಅವರು. ಫೆಡರಲ್ ಪಬ್ಲಿಕ್ ಡಿಫೆಂಡರ್ ಆಗಿದ್ದವರೊಬ್ಬರು ಅಲ್ಲಿ ಕೂತದ್ದೂ ಅದೇ ಮೊದಲು.